ಒಂದು ಪುಟದಲ್ಲಿ ಎಚ್ಚರಿಕೆ, ಇನ್ನೊಂದು ಪುಟದಲ್ಲಿ ಅದೇ ಗಾಳ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ನಾನು ತಿಪಟೂರಲ್ಲಿ ಕಾಲೇಜ್ ಹತ್ರ ಒಂದು ಜೆರಾಕ್ಸ್ ಅಂಗಡಿ ಇಟ್ಕೊಂಡಿರೋನು. ಬೋರ್ಡ್ ಮೇಲೆ ಈಗ್ಲೂ ಸೈಬರ್ ಸೆಂಟರ್ ಅಂತಾನೇ ಇದೆ, ಆದ್ರೆ ಬ್ರೌಸಿಂಗ್‌ಗೆ ಅಂತ ಒಬ್ರೂ ಬಂದು ಎಷ್ಟೋ ವರ್ಷ ಆಯ್ತು, ಈಗ ಬರೋದೆಲ್ಲ ಆನ್‌ಲೈನ್ ಅರ್ಜಿ, ಹಾಲ್ ಟಿಕೆಟ್, ಕ್ಯಾಸ್ಟ್ ಇನ್‌ಕಮ್, ಸ್ಕಾಲರ್‌ಶಿಪ್, ರೆಸ್ಯೂಮ್ ಇಂಥವಕ್ಕೇ. ಅಂಗಡಿ ಶುರುವಾದ ದಿನದಿಂದ ನಿಮ್ಮ ಪೇಪರ್ ಹಾಕಿಸ್ತಾ ಇದೀನಿ, ಕಾಯ್ತಾ ಕೂತಿರೋ ಹುಡುಗ್ರು ಓದ್ತಾರೆ. ಉದ್ಯೋಗದ ಪುಟ ಬರೋ ದಿನ ಆ ಒಂದು ಹಾಳೆ ಮಾತ್ರ ಸಂಜೆ ಹೊತ್ತಿಗೆ ಹಿಂಡಿ ಹಿಪ್ಪೆ ಆಗಿರುತ್ತೆ, ಮಿಕ್ಕಿದ್ದೆಲ್ಲ ಇಸ್ತ್ರಿ ಮುರೀದಂಗೆ ಇರುತ್ತೆ.

ಹೋದ ವಾರ ಒಂದಿನ ಒಳಪುಟದಲ್ಲಿ ಒಂದು ಸುದ್ದಿ ಹಾಕಿದ್ರಿ, ಮನೆಯಿಂದಲೇ ಕೆಲಸ ಅಂತ ನಂಬಿ ಡಿಗ್ರಿ ಓದೋ ಹುಡುಗ ದುಡ್ಡು ಕಳ್ಕೊಂಡಿದ್ದು. ಕೆಳಗೆ ಬಾಕ್ಸ್ ಮಾಡಿ, ಮೋಸ ಹೋದ್ರೆ ತಕ್ಷಣ 1930ಕ್ಕೆ ಫೋನ್ ಮಾಡಿ ಅಂತಾನೂ ಹಾಕಿದ್ರಿ, ಒಳ್ಳೇದು. ಅದೇ ಪೇಪರ್‌ನ ನಾಲ್ಕು ಪುಟ ಆಚೆ ತಿರುಗಿಸಿದ್ರೆ ಕ್ಲಾಸಿಫೈಡ್‌ನಲ್ಲಿ ಒಂದು ಪುಟ್ಟ ಜಾಹೀರಾತು, "ಮನೆಯಲ್ಲೇ ಕುಳಿತು ದಿನಕ್ಕೆ 1500ರಿಂದ 3000 ಗಳಿಸಿ, ಅನುಭವ ಬೇಕಿಲ್ಲ, ವಿದ್ಯಾರ್ಥಿಗಳು ಗೃಹಿಣಿಯರು ಸಂಪರ್ಕಿಸಿ, ವಾಟ್ಸಾಪ್ ಮಾತ್ರ." ಕಂಪನಿ ಹೆಸರಿಲ್ಲ, ಊರಿಲ್ಲ ಕೇರಿಯಿಲ್ಲ, ಬರೀ ಹತ್ತಂಕಿ ನಂಬರ್. ಅವತ್ತೇ ಮಧ್ಯಾಹ್ನ ಫೈನಲ್ ಇಯರ್ ಬಿಕಾಂ ಹುಡುಗಿ ಒಬ್ಳು ನನ್ನ ಕೌಂಟರ್ ಮುಂದೆನೇ ನಿಂತು ಅದರ ಫೋಟೋ ಹೊಡ್ಕೊಂಡ್ಳು. ಯಾಕಮ್ಮ ಅದು ಅಂದೆ. "ಪೇಪರಲ್ಲೇ ಬಂದಿದೆಯಲ್ಲ ಅಣ್ಣ, ಫೇಸ್‌ಬುಕ್ಕಲ್ಲಿ ಬಂದಿದ್ರೆ ನಾನೂ ನಂಬ್ತಿರಲಿಲ್ಲ" ಅಂದ್ಳು.

ಈ ಒಂದು ಮಾತು ನಿಮಗೆ ಮುಟ್ಟಿಸ್ಬೇಕು ಅಂತಾನೇ ಈ ಕಾಗದ. ಉದ್ದ ಆಗುತ್ತೆ, ಪ್ರಕಟ ಮಾಡೋಕೆ ಜಾಗ ಇಲ್ದಿದ್ರೆ ಕತ್ತರಿಸಿ ಹಾಕಿ, ಆದ್ರೆ ಓದಿ.

ನಾನೇನು ದೊಡ್ಡ ಕೆರಿಯರ್ ಗೈಡೆನ್ಸ್ ಕೊಡೋ ಮನುಷ್ಯ ಅಲ್ಲ, ನಾನೂ ಬಿಎ ಮಾಡಿ, ಉದ್ಯೋಗ ವಿನಿಮಯ ಕಚೇರಿ ಕಾರ್ಡ್ ಮಾಡಿಸಿ, ಮೂರು ವರ್ಷಕ್ಕೊಂದ್ಸಲ ರಿನ್ಯೂ ಮಾಡಿಸ್ಕೊಂಡು ಕಾದೋನೇ. ನಮ್ಮಪ್ಪನ ಕಾಲದಲ್ಲಿ ತುಮಕೂರು ಎಚ್‌ಎಂಟಿ ವಾಚ್ ಫ್ಯಾಕ್ಟ್ರಿಗೆ ಮಗ ಸೇರಿದ್ರೆ ಹೆಣ್ಣು ಕೊಡೋಕೆ ಕ್ಯೂ ನಿಲ್ತಿದ್ರು, 2016ರಲ್ಲಿ ಎಚ್‌ಎಂಟಿ ವಾಚ್ ಕಂಪನಿನೇ ಮುಚ್ಚೋಕೆ ಕೇಂದ್ರ ಸರ್ಕಾರ ಒಪ್ಕೊಂಡು ಆ ಕತೆ ಮುಗೀತು. ಈಗ ಕೆಲಸ ಹುಡುಕೋದು ಅಂದ್ರೆ ಮೊಬೈಲಲ್ಲಿ ಹುಡುಕೋದು. ಆದ್ರೆ ಹುಡುಕೋದು ಹೆಂಗೆ ಅಂತ ಯಾರೂ ಹೇಳ್ಕೊಟ್ಟಿಲ್ಲ, ಮನೇಲೂ ಇಲ್ಲ ಕಾಲೇಜಲ್ಲೂ ಇಲ್ಲ, ಕೊನೇ ಸೆಮಿಸ್ಟರ್ ಎಕ್ಸಾಮ್ ಮುಗಿದ ಮೇಲೆ ನನ್ನಂಥ ಅಂಗಡಿಯವನ ಮುಂದೆ ಬಂದು ನಿಂತು "ಅಣ್ಣ, ಬಿಎ ಮೇಲೆ ಏನಾದ್ರೂ ಕೆಲಸ ಬಂದಿದ್ಯಾ" ಅಂತ ಕೇಳ್ತಾರೆ, ತರಕಾರಿ ಅಂಗಡೀಲಿ ಹುರುಳಿಕಾಯಿ ಬಂದಿದ್ಯಾ ಅಂತ ಕೇಳ್ದಂಗೆ.

ಮೊದಲು ನನ್ನ ತಪ್ಪು ಹೇಳ್ಕೊಂಡುಬಿಡ್ತೀನಿ, ಆಮೇಲೆ ನಿಮ್ಮದಕ್ಕೆ ಬರ್ತೀನಿ.

ಆನ್‌ಲೈನ್ ಅರ್ಜಿಗೆ ಇಮೇಲ್ ಬೇಕು. ಹಳ್ಳಿಯಿಂದ ಬರೋ ಮಕ್ಕಳಿಗೆ ಇಮೇಲ್ ಇರುತ್ತೆ, ಇಲ್ಲ ಅಂತಲ್ಲ, ಹೊಸ ಫೋನ್ ತಗೊಂಡಾಗ ಮೊಬೈಲ್ ಅಂಗಡಿ ಹುಡುಗ ಮಾಡಿಕೊಟ್ಟಿರ್ತಾನೆ, ಪಾಸ್‌ವರ್ಡ್ ಅವನಿಗೇ ಗೊತ್ತು. ಇಲ್ಲಾಂದ್ರೆ ಪಿಯುಸಿ ಸ್ಕಾಲರ್‌ಶಿಪ್ ಹಾಕುವಾಗ ಇನ್ನೊಂದು ಸೈಬರ್‌ನವನು ಮಾಡಿರ್ತಾನೆ. ಫೋನ್ ಕಳೆದಿರುತ್ತೆ, ಒಟಿಪಿ ಅಪ್ಪನ ಹಳೇ ನಂಬರ್‌ಗೆ ಹೋಗುತ್ತೆ, ಅಪ್ಪ ತೋಟದಲ್ಲಿ, ಅಲ್ಲಿ ಸಿಗ್ನಲ್ ಇಲ್ಲ. ಹಿಂದೆ ಹದಿನೈದು ಜನ ನಿಂತಿರ್ತಾರೆ, ಲಾಸ್ಟ್ ಡೇಟ್ ಅವತ್ತೇ, ಸರ್ವರ್ ಬೇರೆ ಸ್ಲೋ. ನಾನೇನ್ ಮಾಡ್ತಿದ್ದೆ ಅಂದ್ರೆ ಅಂಗಡಿ ಇಮೇಲ್ ಹಾಕಿ ಸಬ್ಮಿಟ್ ಮಾಡಿ ಪ್ರಿಂಟ್ ಕೈಗಿಟ್ಟು ಕಳಿಸಿಬಿಡ್ತಿದ್ದೆ. ನಮ್ಮ ಕಸುಬಲ್ಲಿ ಇದನ್ನ ಮಾಡದೇ ಇರೋರು ಕಮ್ಮಿ ಸ್ವಾಮಿ. ಹಿಂಗಿರುವಾಗ ಡಿಪ್ಲೊಮಾ ಮುಗಿಸಿದ ಒಬ್ಬ ಹುಡುಗ ಅಪ್ರೆಂಟಿಸ್‌ಗೆ ಅಂತ ಅರ್ಜಿ ಹಾಕಿಸ್ಕೊಂಡು ಹೋದ. ಪೀಣ್ಯ ಕಡೆ ಒಂದು ಕಂಪನಿ. ಇಂಟರ್‌ವ್ಯೂ ಕರೆ ನನ್ನ ಇನ್‌ಬಾಕ್ಸಿಗೆ ಬಂತು, ಸಾವಿರಾರು ಮೇಲ್‌ಗಳ ಮಧ್ಯೆ. ನಾನು ನೋಡಿದ್ದು ಇಪ್ಪತ್ತು ದಿನ ಆದ್ಮೇಲೆ, ಅದೂ ಬೇರೆ ಏನೋ ಹುಡುಕೋವಾಗ. ಅವನಿಗೆ ಫೋನ್ ಮಾಡಿ ಹೇಳ್ದೆ. ಬೈಲಿಲ್ಲ. "ಹೋಗ್ಲಿ ಬಿಡಿ ಅಣ್ಣ, ನಂಗೆ ಬಂದೇ ಇಲ್ಲ ಅನ್ಕೊಂಡಿದ್ದೆ, ಬಂದಿತ್ತಲ್ಲ" ಅಂದ. ಬೈದಿದ್ರೇ ಚೆನ್ನಾಗಿತ್ತು.

ಅವತ್ತಿಂದ ಅಂಗಡಿ ಮೇಲ್ ಹಾಕೋದು ಬಿಟ್ಟೆ. ಅವರದೇ ಫೋನಲ್ಲಿ, ಅವರ ಕೈಯಲ್ಲೇ, ಹೆಸರು ಇನಿಷಿಯಲ್ ಇರೋ ಇಮೇಲ್ ಮಾಡಿಸಿ, ಪಾಸ್‌ವರ್ಡ್ ಅವರ ನೋಟ್‌ಬುಕ್ ಹಿಂದೆ ಬರೆಸಿ, ಆಮೇಲೆ ಅರ್ಜಿ. ಒಬ್ಬೊಬ್ರಿಗೆ ಇಪ್ಪತ್ತು ನಿಮಿಷ ಜಾಸ್ತಿ ಆಗುತ್ತೆ, ಪಕ್ಕದ ರೋಡಲ್ಲಿ ಐದು ನಿಮಿಷಕ್ಕೆ ಮುಗಿಸಿ ಕೊಡ್ತಾರೆ, ಗಿರಾಕಿ ಆ ಕಡೆ ಹೋದ್ರು. ಹೋಗ್ಲಿ. ಕೆರಿಯರ್ ಪ್ಲಾನಿಂಗ್ ಅಂತ ಕಾಲೇಜುಗಳಲ್ಲಿ ಕೋಟ್ ಹಾಕ್ಕೊಂಡು ಬಂದು ಕನಸು ಕಾಣಿ ಗುರಿ ಇಟ್ಕೊಳ್ಳಿ ಅಂತ ಎರಡು ಗಂಟೆ ಭಾಷಣ ಮಾಡಿ ಹೋಗ್ತಾರಲ್ಲ, ಅದರ ಬದಲು ಫಸ್ಟ್ ಇಯರಲ್ಲೇ ಒಂದು ಪೀರಿಯಡ್ ಕೂರಿಸಿ ಎಲ್ಲರಿಗೂ ಸ್ವಂತ ಇಮೇಲ್ ಮಾಡಿಸಿ, ದಿನಾ ಒಂದ್ಸಲ ತೆಗೆದು ನೋಡೋ ಅಭ್ಯಾಸ ಮಾಡಿಸಿದ್ರೆ ಸಾಕು ಅಂತ ನನಗೆ ಅನ್ಸುತ್ತೆ. ಸ್ಪ್ಯಾಮ್ ಅನ್ನೋ ಫೋಲ್ಡರ್ ಒಂದಿದೆ, ಇಂಟರ್‌ವ್ಯೂ ಕರೆ ಎಷ್ಟೋ ಸಲ ಅಲ್ಲಿ ಬಿದ್ದಿರುತ್ತೆ ಅಂತ ಡಿಗ್ರಿ ಮುಗಿಸಿದೋರಿಗೇ ಗೊತ್ತಿಲ್ಲ.

ಇನ್ನು ರೆಸ್ಯೂಮ್. ನನ್ನ ಕಂಪ್ಯೂಟರಲ್ಲಿ ಒಂದು ವರ್ಡ್ ಫೈಲ್ ಇದೆ, ಯಾವಾಗ ಯಾರು ಮಾಡಿದ್ದೋ ದೇವರಿಗೇ ಗೊತ್ತು, ಅದನ್ನೇ ಕಾಪಿ ಹೊಡೆದು ಹೆಸರು ಬದಲಾಯಿಸಿ ಕೊಡೋದು, ನಲವತ್ತು ರೂಪಾಯಿ. ಮೇಲೆ ಆಬ್ಜೆಕ್ಟಿವ್ ಅಂತ ಇಂಗ್ಲಿಷಲ್ಲಿ ಮೂರು ಸಾಲು, ಅದರ ಅರ್ಥ ಹುಡುಗನಿಗೂ ಗೊತ್ತಿಲ್ಲ ನನಗೂ ಗೊತ್ತಿಲ್ಲ. ಕೆಳಗೆ ತಂದೆ ಹೆಸರು, ಜಾತಿ, ಮದುವೆ ಆಗಿದ್ಯಾ ಇಲ್ವಾ, ಹವ್ಯಾಸ ಕ್ರಿಕೆಟ್ ಆಡೋದು ಹಾಡು ಕೇಳೋದು, ಕೊನೇಗೆ ಮೇಲಿನದೆಲ್ಲ ಸತ್ಯ ಅಂತ ಪ್ರಮಾಣ. ಹಿಂಗೆ ನಮ್ಮ ತಾಲೂಕಿನ ಅರ್ಧ ಜನ ಒಂದೇ ರೆಸ್ಯೂಮ್ ಹಿಡ್ಕೊಂಡು ಬೆಂಗಳೂರು ಟ್ರೇನ್ ಹತ್ತಿದಾರೆ.

ಆ ಜಾಹೀರಾತಿನ ಫೋಟೋ ಹೊಡ್ಕೊಂಡ ಹುಡುಗಿ ಬಂದಿದ್ದೂ ರೆಸ್ಯೂಮ್‌ಗೇ. ಅನುಭವ ಅನ್ನೋ ಕಡೆ ಏನ್ ಹಾಕ್ಲಿ ಅಂದೆ, ಏನೂ ಇಲ್ಲ ಫ್ರೆಷರ್ ಅಂದ್ಳು. ನನಗೆ ಅವರಪ್ಪನ ಪರಿಚಯ, ಕೊಬ್ಬರಿ ವ್ಯಾಪಾರ. ಅಪ್ಪನ ಲೆಕ್ಕ ಯಾರಮ್ಮ ಬರೆಯೋದು ಅಂದೆ. "ನಾನೇ ಅಣ್ಣ, ಕೊರೊನಾ ಟೈಮಿಂದ." ಎಲ್ಲಿ ಬರೀತೀಯ? "ಎಕ್ಸೆಲ್‌ನಲ್ಲಿ, ಹರಾಜಿನ ದಿನ ಯಾರು ಎಷ್ಟು ಕ್ವಿಂಟಾಲ್ ತಂದ್ರು, ರೇಟ್ ಎಷ್ಟಕ್ಕೆ ಹೋಯ್ತು, ಯಾರಿಗೆ ಎಷ್ಟು ಬಾಕಿ, ಈಗ ಟ್ಯಾಲಿಗೂ ಹಾಕ್ತೀನಿ, ಜಿಎಸ್‌ಟಿಗೆ ಆಡಿಟರ್ ಕೇಳಿದ್ದು ನಾನೇ ತೆಗೆದು ಕೊಡೋದು." ಮತ್ತೆ ಅದನ್ನ ಹಾಕೋಣ ಅಂದ್ರೆ ಅವಳು ನಕ್ಕುಬಿಟ್ಳು. "ಅದೂ ಕೆಲ್ಸಾನಾ ಅಣ್ಣ, ಮನೇದು!" ಐದು ವರ್ಷ ಒಂದು ವ್ಯಾಪಾರದ ಲೆಕ್ಕ ನೋಡ್ಕೊಂಡ ಹುಡುಗಿ ತಾನು ಫ್ರೆಷರ್ ಅಂತ ಬರ್ಕೊಂಡು, ವಾಟ್ಸಾಪ್ ಮಾತ್ರ ಅನ್ನೋ ಜಾಹೀರಾತಿನ ಫೋಟೋ ಹೊಡ್ಕೊಳ್ತಾಳೆ. ನನಗೆ ಹೊಟ್ಟೆ ಉರಿಯೋದು ಇಲ್ಲಿ. ಹಂಗೇ ಅಂಗಡೀಲಿ ಕೂತ ಹುಡುಗ್ರು, ಡೈರಿಯಲ್ಲಿ ಹಾಲಿನ ಫ್ಯಾಟ್ ನೋಡಿ ರಿಜಿಸ್ಟರ್ ಬರೆಯೋರು, ಊರ ಜಾತ್ರೆ ಚಂದಾ ಲೆಕ್ಕ ಪೈಸೆ ಬಿಡದಂಗೆ ಒಪ್ಪಿಸಿದೋರು, ಇವರೆಲ್ಲ ಹವ್ಯಾಸ ಕ್ರಿಕೆಟ್ ಅಂತ ಬರೆಸ್ತಾರೆ.

ಹುಡುಕೋ ವಿಷಯಕ್ಕೆ ಬಂದ್ರೆ, ಮಕ್ಕಳು ತಮ್ಮ ಡಿಗ್ರಿ ಹೆಸರು ಹಾಕಿ ಹುಡುಕ್ತಾರೆ, ಬಿಕಾಂ ಜಾಬ್ಸ್, ಬಿಎಸ್ಸಿ ಜಾಬ್ಸ್ ಇನ್ ಬ್ಯಾಂಗಲೋರ್. ಕಂಪನಿಯವರು ಹಂಗೆ ಕೆಲಸ ಕರೆಯಲ್ಲ, ಅವರದು ಕೆಲಸದ ಹೆಸರು. ಅಕೌಂಟ್ಸ್ ಅಸಿಸ್ಟೆಂಟ್, ಬಿಲ್ಲಿಂಗ್ ಎಕ್ಸಿಕ್ಯೂಟಿವ್, ಸ್ಟೋರ್ ಕೀಪರ್, ಕೆವೈಸಿ ಅನಲಿಸ್ಟ್, ಕ್ವಾಲಿಟಿ ಕಂಟ್ರೋಲ್ ಕೆಮಿಸ್ಟ್, ಹಿಂಗೆ. ಕನ್ನಡ ಬಿಟ್ಟು ಬೇರೆ ಏನೂ ಬರಲ್ಲ ಅಂತ ತಲೆ ತಗ್ಗಿಸಿ ನಿಂತ ಒಬ್ಬ ಬಿಎ ಹುಡುಗನಿಗೆ ಸರ್ಚ್ ಬಾಕ್ಸಲ್ಲಿ ಕನ್ನಡ ಅಂತಾನೇ ಟೈಪ್ ಮಾಡು ನೋಡೋಣ ಅಂದೆ. ಕನ್ನಡ ವಾಯ್ಸ್ ಪ್ರೋಸೆಸ್, ಕನ್ನಡ ಕಸ್ಟಮರ್ ಸಪೋರ್ಟ್, ಕನ್ನಡ ಕಂಟೆಂಟ್ ಅಂತ ಸಾಲಾಗಿ ಬಂತು, ಅವನ ಮುಖ ನೋಡಬೇಕಿತ್ತು. ಎಲ್ಲಾ ಒಳ್ಳೇ ಕೆಲಸ ಅಂತ ನಾನು ಹೇಳಲ್ಲ, ನೈಟ್ ಶಿಫ್ಟು, ಸಂಬಳ ಬಾಡಿಗೆಗೇ ಸರಿಹೋಗುತ್ತೆ, ಆದ್ರೆ ತನ್ನ ಭಾಷೆ ಒಂದು ಅರ್ಹತೆ ಅಂತ ಅವನಿಗೆ ಅವತ್ತೇ ಮೊದಲು ಗೊತ್ತಾಗಿದ್ದು.

ನೌಕರಿ ಡಾಟ್ ಕಾಮ್ 1997ರಿಂದ ಇದೆ, ಲಿಂಕ್ಡ್‌ಇನ್ 2003ರಿಂದ, ಕೇಂದ್ರ ಸರ್ಕಾರದ ನ್ಯಾಷನಲ್ ಕೆರಿಯರ್ ಸರ್ವಿಸ್ ಪೋರ್ಟಲ್ 2015ರಿಂದ ಇದೆ, ಅದರಲ್ಲಿ ಒಂದು ರೂಪಾಯಿ ಕೊಡೋ ಹಂಗಿಲ್ಲ, ನಮ್ಮ ರಾಜ್ಯದ್ದು ಸ್ಕಿಲ್ ಕನೆಕ್ಟ್ ಬೇರೆ ಇದೆ. ಒಂದ್ಸಲ ಪ್ರೊಫೈಲ್ ಮಾಡಿ ಬಿಟ್ಟುಬಿಟ್ರೆ ಹೊಲಕ್ಕೆ ಬೀಜ ಚೆಲ್ಲಿ ಊರು ಬಿಟ್ಟು ಹೋದಂಗೆ. ಎಚ್‌ಆರ್‌ನವರು ಹುಡುಕುವಾಗ ಇತ್ತೀಚೆಗೆ ಯಾರು ಲಾಗಿನ್ ಆಗಿದಾರೋ ಅವರನ್ನ ಮಾತ್ರ ತೋರ್ಸು ಅಂತ ಫಿಲ್ಟರ್ ಹಾಕ್ಕೊಳ್ತಾರೆ, ಆರು ತಿಂಗಳು ತೆಗೀದೇ ಇದ್ರೆ ನೀವು ಅವರ ಪಾಲಿಗೆ ಇಲ್ಲ. ದೊಡ್ಡ ಕಂಪನಿಗಳಲ್ಲಿ ರೆಸ್ಯೂಮ್ ಮೊದಲು ಸಾಫ್ಟ್‌ವೇರ್ ಓದುತ್ತೆ, ಮನುಷ್ಯರು ಆಮೇಲೆ. ನಮ್ಮ ಹುಡುಗ್ರು ರೆಸ್ಯೂಮ್‌ನ ಮೊಬೈಲಲ್ಲಿ ಫೋಟೋ ಹೊಡೆದು ಅದನ್ನೇ ಪಿಡಿಎಫ್ ಮಾಡಿ ಹಾಕ್ತಾರೆ, ಸಾಫ್ಟ್‌ವೇರ್‌ಗೆ ಅದು ಬರೀ ಚಿತ್ರ, ಅಕ್ಷರಾನೇ ಕಾಣ್ದೇ ಹೋಗಬಹುದು.

ಇನ್ನೊಂದು, ಅಪ್ರೆಂಟಿಸ್. ಅಪ್ರೆಂಟಿಸ್ ಅಂದ್ರೆ ಐಟಿಐ ಹುಡುಗ್ರು ಎಣ್ಣೆ ಮೆತ್ಕೊಂಡು ಮಾಡೋದು ಅಂತ ಡಿಗ್ರಿಯವರ ತಲೇಲಿದೆ. ಕಾಯ್ದೆ 1961ರದ್ದು, 2014ರಲ್ಲಿ ತಿದ್ದುಪಡಿ ಆದ್ಮೇಲೆ ಬಿಎ ಬಿಕಾಂನವರೂ ಹೋಗಬಹುದು, 2019ರ ನಿಯಮದಲ್ಲಿ ಡಿಗ್ರಿಯವರಿಗೆ ತಿಂಗಳಿಗೆ ಕನಿಷ್ಠ 9000, ಡಿಪ್ಲೊಮಾಗೆ 8000 ಸ್ಟೈಪೆಂಡ್ ಅಂತ ಮಾಡಿದ್ರು. ಇದಕ್ಕೆ ಅಂತಾನೇ ಇರೋ ಕೇಂದ್ರ ಸರ್ಕಾರದ ನಾಟ್ಸ್ ಅನ್ನೋ ಪೋರ್ಟಲಲ್ಲಿ ಹೆಸರು ಹಾಕ್ಬೇಕು, ದಕ್ಷಿಣ ರಾಜ್ಯಗಳಿಗೆಲ್ಲ ಅದರ ಆಫೀಸು ಚೆನ್ನೈನಲ್ಲಿ. ತಮಾಷೆ ಕೇಳಿ, ಒಬ್ಬ ಹುಡುಗನಿಗೆ ಚೆನ್ನೈ ಆಫೀಸಿಂದ ನಿಜವಾದ ಮೇಲ್ ಬಂದಿದ್ರೆ ಇದು ಫ್ರಾಡ್ ಅಂತ ಡಿಲೀಟ್ ಮಾಡಿದಾನೆ, ಅದೇ ವಾರ ಟೆಲಿಗ್ರಾಂನಲ್ಲಿ ಬಂದ ಏರ್‌ಪೋರ್ಟ್ ಕೆಲಸಕ್ಕೆ 1200 ರೂಪಾಯಿ ಕಳಿಸಿದಾನೆ. ನಮ್ಮ ಜಿಲ್ಲೆಯ ಗುಬ್ಬಿ ತಾಲೂಕಲ್ಲೇ ಎಚ್‌ಎಎಲ್ ಹೆಲಿಕಾಪ್ಟರ್ ಫ್ಯಾಕ್ಟ್ರಿ 2023ರ ಫೆಬ್ರವರಿಯಲ್ಲಿ ಉದ್ಘಾಟನೆ ಆಯ್ತು, ವಸಂತನರಸಾಪುರದಲ್ಲಿ ಫುಡ್ ಪಾರ್ಕ್ ಇದೆ, ಎಷ್ಟೋ ಕಾರ್ಖಾನೆ ಇದೆ. ಇವುಗಳ ವೆಬ್‌ಸೈಟಲ್ಲಿ ಕೆರಿಯರ್ಸ್ ಅಂತ ಒಂದು ಜಾಗ ಇರುತ್ತೆ, ಅದನ್ನ ತಿಂಗಳಿಗೆ ಒಂದ್ಸಲ ನೋಡ್ರಪ್ಪ ಅಂದ್ರೆ, ಅಲ್ಲಿ ವಶೀಲಿ ಬೇಕು ಅಣ್ಣ ಅಂತಾರೆ. ಅರ್ಜಿನೇ ಹಾಕದೆ ವಶೀಲಿ ಮಾತು.

ಯುವನಿಧಿ ಬಗ್ಗೆ ಜನ ಏನೇನೋ ಮಾತಾಡ್ತಾರೆ. ರಾಜ್ಯ ಸರ್ಕಾರದಿಂದ ತಿಂಗಳಿಗೆ ಡಿಗ್ರಿಗೆ 3000, ಡಿಪ್ಲೊಮಾಗೆ 1500, ಪಾಸಾಗಿ ಆರು ತಿಂಗಳು ಕೆಲಸ ಸಿಗದಿದ್ರೆ ಎರಡು ವರ್ಷದವರೆಗೆ. ನಾನು ಅದನ್ನ ಬಯ್ಯೋನಲ್ಲ, ಆ ದುಡ್ಡಲ್ಲಿ ಬಸ್ ಚಾರ್ಜ್ ಹಾಕ್ಕೊಂಡು ಇಂಟರ್‌ವ್ಯೂಗೆ ಹೋದೋರನ್ನ ನೋಡಿದೀನಿ, ಅಪ್ಪನ ಮುಂದೆ ಕೈ ಚಾಚೋದು ತಪ್ಪಿದ ಹೆಣ್ಮಕ್ಕಳನ್ನೂ ನೋಡಿದೀನಿ. ನನ್ನ ತಕರಾರು ಒಂದೇ, ಇನ್ನೂ ನಿರುದ್ಯೋಗಿ ಅಂತ ಘೋಷಣೆ ಕೊಡೋಕೆ ನನ್ನ ಅಂಗಡಿಗೆ ಬರೋ ಅಷ್ಟೂ ಜನ ಅದೇ ಕುರ್ಚಿಲಿ ಹತ್ತು ನಿಮಿಷ ಜಾಸ್ತಿ ಕೂತು ಒಂದು ಕೆಲಸ ಹುಡುಕಿದ್ದನ್ನ ನಾನು ಕಂಡಿಲ್ಲ.

ಸರ್ಕಾರಿ ಕೆಲಸ ಅಂತ ಕೂತೋರ ಕತೆ ಬೇರೆ, ಅದನ್ನ ಬರೆಯೋಕೆ ಕೈ ಬರಲ್ಲ. 545 ಪಿಎಸ್‌ಐ ಹುದ್ದೆ ಪರೀಕ್ಷೆ 2021ರ ಅಕ್ಟೋಬರ್‌ನಲ್ಲಿ ಆಯ್ತು, ಅಕ್ರಮ ಅಂತ 2022ರ ಏಪ್ರಿಲಲ್ಲಿ ರದ್ದಾಯ್ತು, ಮರುಪರೀಕ್ಷೆ ಆಗಿದ್ದು 2024ರ ಜನವರೀಲಿ. ಆ ಎರಡೂ ಕಾಲು ವರ್ಷ ಬೆಂಗಳೂರು ವಿಜಯನಗರದ ಪಿಜಿಯಲ್ಲೋ ಧಾರವಾಡದ ರೂಮಲ್ಲೋ ಕೂತು ಕಾದೋರಿಗೆ ಯಾರು ಲೆಕ್ಕ ಕೊಡ್ತಾರೆ? ಆಮೇಲೆ ಕೆಎಎಸ್ ಅಂತೀವಲ್ಲ, ಆ ಗೆಜೆಟೆಡ್ ಪ್ರೊಬೇಷನರ್ 384 ಹುದ್ದೆಗೆ 2024ರ ಆಗಸ್ಟಲ್ಲಿ ಪ್ರಿಲಿಮ್ಸ್ ಬರೆದ್ರು, ಕನ್ನಡ ಪ್ರಶ್ನೆಗಳ ಅನುವಾದವೇ ತಪ್ಪು ಅಂತ ಡಿಸೆಂಬರಲ್ಲಿ ಮತ್ತೆ ಬರೆಸಿದ್ರು. ಇದರಲ್ಲಿ ಹುಡುಗ್ರ ತಪ್ಪೇನಿದೆ. ಕಟ್ಟಾಗಿ ಓದಿ, ಆದ್ರೆ ಓದ್ತಾ ಓದ್ತಾ ಇನ್ನೊಂದು ದಾರಿನೂ ಕೈಲಿಟ್ಕೊಳ್ಳಿ ಅಂತ ಹೇಳಿದ್ರೆ ನೀವೇ ನಮಗೆ ಅಪಶಕುನ ನುಡಿತೀರ ಅಂತಾರೆ. ಕೇಂದ್ರದ ಕಡೆ ಸ್ಟಾಫ್ ಸೆಲೆಕ್ಷನ್ ಕಮಿಷನ್ ನಡೆಸೋ ಎಸ್‌ಎಸ್‌ಸಿ ಎಂಟಿಎಸ್, ಸಿಎಚ್‌ಎಸ್‌ಎಲ್ ಕನ್ನಡದಲ್ಲೇ ಬರೆಯೋ ಹಂಗೆ 2023ರಲ್ಲೇ ಆಗಿದೆ, ಬ್ಯಾಂಕ್ ಕ್ಲರ್ಕ್ ಪರೀಕ್ಷೆನೂ ಕನ್ನಡದಲ್ಲಿದೆ, ನನ್ನ ಅಂಗಡಿಗೆ ಬರೋರಲ್ಲಿ ಹತ್ತಕ್ಕೆ ಎಂಟು ಜನಕ್ಕೆ ಈಗ್ಲೂ ಗೊತ್ತಿಲ್ಲ, ಭಾಷೆ ಆಯ್ಕೆ ಮಾಡೋ ಕಡೆ ಕನ್ನಡ ಕಂಡ ತಕ್ಷಣ "ಇದು ಹೌದಾ ಅಣ್ಣ, ಒತ್ತಿದ್ರೆ ಅರ್ಜಿ ರಿಜೆಕ್ಟ್ ಆಗಲ್ವಾ" ಅಂತಾರೆ. ಫೋಟೋ 20ರಿಂದ 50 ಕೆಬಿ, ಸಹಿ 10ರಿಂದ 20, ಎಡಗೈ ಹೆಬ್ಬೆಟ್ಟು, ಕೈಬರಹದ ಘೋಷಣೆ ಇಂಗ್ಲಿಷಲ್ಲಿ, ಇದೆಲ್ಲ ಬ್ಯಾಂಕ್ ಪರೀಕ್ಷೆ ನಡೆಸೋ ಐಬಿಪಿಎಸ್‌ನವರು ಕೇಳೋದು. ಲಾಸ್ಟ್ ಡೇಟ್ ರಾತ್ರಿ ಹನ್ನೊಂದೂವರೆಗೆ ಶಟರ್ ಅರ್ಧ ಎಳೆದು ಹೆಬ್ಬೆಟ್ಟು ಒತ್ತಿಸ್ಕೊಳ್ಳೋದು ನಮಗೂ ಅಭ್ಯಾಸ ಆಗಿದೆ ಬಿಡಿ.

ನಿಜ ಹೇಳ್ಬೇಕು ಅಂದ್ರೆ ಎಡವೋದು ಇನ್ನೂ ಹಿಂದೆ ಶುರುವಾಗುತ್ತೆ. ಸಿಇಟಿ ಆಪ್ಷನ್ ಎಂಟ್ರಿ, ಅಂದ್ರೆ ಯಾವ ಕಾಲೇಜು ಯಾವ ಕೋರ್ಸ್ ಬೇಕು ಅಂತ ಹಾಕೋ ದಿನ ಅಪ್ಪ ಮಗ ಬರ್ತಾರೆ. ಅಪ್ಪ ಎಂಥೋರು ಅಂದ್ರೆ ಸಂತೇಲಿ ಹಸು ಕೊಳ್ಳುವಾಗ ಬಾಯಿ ಬಿಡಿಸಿ ಹಲ್ಲು ನೋಡಿ, ಎಷ್ಟನೇ ಸೂಲು, ಹಾಲೆಷ್ಟು, ಒದೆಯುತ್ತಾ ಅಂತ ನೂರು ಪ್ರಶ್ನೆ ಕೇಳೋರು. ತೆಂಗಿನಕಾಯಿ ಒಂದೊಂದೂ ತಟ್ಟಿ ಸದ್ದು ಕೇಳಿ ಆರಿಸೋರು. ಅಂಥೋರು ಮಗನ ನಾಲ್ಕು ವರ್ಷದ ಕೋರ್ಸ್‌ನ "ಕಂಪ್ಯೂಟರ್ ಸೈನ್ಸ್ ಎಲ್ಲೆಲ್ಲಿದ್ಯೋ ಎಲ್ಲಾ ಹಾಕಿ ಸಾರ್, ಉಳಿದಿದ್ದು ನೀವೇ ನೋಡಿ ಹಾಕಿ" ಅಂತ ನನ್ನ ಮೇಲೆ ಬಿಟ್ಟು ಹೊರಗೆ ಟೀ ಕುಡಿಯೋಕೆ ಹೋಗ್ತಾರೆ. ಮಗ ಮೊಬೈಲ್ ನೋಡ್ತಾ ಕೂತಿರ್ತಾನೆ. ಒಬ್ಬ ಜೆರಾಕ್ಸ್ ಅಂಗಡಿಯವನ ಕೈಲಿ ಎಷ್ಟು ಜನರ ಹಣೆಬರಹ ಇದೆ ಅಂತ ನೆನೆಸ್ಕೊಂಡ್ರೆ ಭಯ ಆಗುತ್ತೆ.

ಈಗ ಮೋಸದ ವಿಷಯ, ಅಂದ್ರೆ ನಿಮ್ಮ ಜಾಹೀರಾತಿನ ವಿಷಯ. ನಾನು ಕಣ್ಣಾರೆ ಕಂಡಿರೋ ಥರಗಳು ಇವು. ಒಂದು, ನೋಂದಣಿ ಶುಲ್ಕ ಅಂತ ಐನೂರು ಆರ್ನೂರು, ಕೊಟ್ಟ ಮೇಲೆ ಲ್ಯಾಪ್‌ಟಾಪ್ ಡೆಪಾಸಿಟ್ಟು, ಆಮೇಲೆ ಟ್ರೈನಿಂಗ್ ಫೀಸು, ದೊಡ್ಡ ಕಂಪನಿ ಲೋಗೋ ಇರೋ ಆಫರ್ ಲೆಟರ್ ಜಿಮೇಲಿಂದ ಬಂದಿರುತ್ತೆ, ಅದರ ಪ್ರಿಂಟ್ ತಗೊಂಡು ಲ್ಯಾಮಿನೇಷನ್ ಮಾಡಿಸೋಕೆ ನನ್ನ ಹತ್ರಾನೇ ಬರ್ತಾರೆ, ಖುಷಿಲಿ ಸ್ವೀಟ್ ಬೇರೆ ತಂದಿರ್ತಾರೆ, ನಾನು ಹೆಂಗ್ ಹೇಳ್ಲಿ? ಎರಡನೇದು, ಹೋಟೆಲ್‌ಗೆ ರೇಟಿಂಗ್ ಕೊಡೋ ಟಾಸ್ಕು. ಮೊದಲ ದಿನ ನಿಜವಾಗ್ಲೂ ನೂರೈವತ್ತು ರೂಪಾಯಿ ಅಕೌಂಟಿಗೆ ಹಾಕ್ತಾರೆ, ಅದೇ ಗಾಳದ ಹುಳ, ಆಮೇಲೆ ಐದು ಸಾವಿರ ಕಟ್ಟಿದ್ರೆ ಏಳು ಸಾವಿರ ಅಂತ ಶುರು. ಇನ್ನೊಂದು ಡೇಟಾ ಎಂಟ್ರಿ, ಅದರಲ್ಲಿ ಕೆಲಸ ಮಾಡಿಸ್ಕೊಂಡು, ತಪ್ಪು ಜಾಸ್ತಿ ಇದೆ, ಅಗ್ರಿಮೆಂಟ್ ಮುರಿದಿದೀಯ, ಕೋರ್ಟ್ ನೋಟಿಸ್ ಅಂತ ವಕೀಲರ ಹೆಸರಲ್ಲಿ ಫೋನ್ ಮಾಡಿ ಹೆದರಿಸ್ತಾರೆ, ಹೆಣ್ಮಕ್ಕಳು ಮನೇಲಿ ಗೊತ್ತಾಗಬಾರದು ಅಂತ ಚಿನ್ನ ಅಡ ಇಟ್ಟು ಕಟ್ಟಿದ್ದೂ ಇದೆ. ಎಲ್ಲಕ್ಕಿಂತ ಅಪಾಯ ಅಂದ್ರೆ, ಕೆಲಸ ಏನೂ ಇಲ್ಲ, ನಿನ್ನ ಬ್ಯಾಂಕ್ ಅಕೌಂಟ್ ಕೊಡು, ಬಂದ ದುಡ್ಡಲ್ಲಿ ಕಮಿಷನ್ ಇಟ್ಕೊಂಡು ಮಿಕ್ಕಿದ್ದು ದಾಟಿಸು ಅನ್ನೋದು. ಅದು ಇನ್ಯಾರದೋ ಕಣ್ಣೀರಿನ ದುಡ್ಡು, ಪೊಲೀಸ್ನೋರು ಬರೋದು ಅಕೌಂಟ್ ಯಾರ ಹೆಸರಲ್ಲಿದ್ಯೋ ಅವರ ಮನೆಗೆ.

ಹೊರದೇಶದ್ದಂತೂ ನೀವೇ ಬರೆದಿದೀರಿ. ಥಾಯ್ಲೆಂಡಲ್ಲಿ ಕಂಪ್ಯೂಟರ್ ಕೆಲಸ ಅಂತ ಕರ್ಕೊಂಡು ಹೋಗಿ ಮ್ಯಾನ್ಮಾರ್‌ನ ಮ್ಯಾವಡ್ಡಿ ಕಡೆ ಕೂಡಿಹಾಕಿ ಅವರ ಕೈಲೇ ಬೇರೆಯವರಿಗೆ ಮೋಸ ಮಾಡಿಸೋದು, 2025ರ ಮಾರ್ಚಲ್ಲಿ ವಾಯುಪಡೆ ವಿಮಾನದಲ್ಲಿ ಐನೂರಕ್ಕೂ ಜಾಸ್ತಿ ಭಾರತೀಯರನ್ನ ವಾಪಸ್ ಕರ್ಕೊಂಡು ಬಂದ್ರಲ್ಲ. ಏಜೆಂಟ್ ನಿಜವಾದೋನಾ ಅಂತ ಕೇಂದ್ರ ಸರ್ಕಾರದ ಇ-ಮೈಗ್ರೇಟ್ ವೆಬ್‌ಸೈಟಲ್ಲಿ ಹೆಸರು ಹಾಕಿ ನೋಡೋಕೆ ಎರಡು ನಿಮಿಷ ಸಾಕು, ನೋಂದಣಿ ಇರೋ ಏಜೆಂಟ್ ಕೂಡ ಸರ್ವಿಸ್ ಚಾರ್ಜ್ ಅಂತ 30,000 ಮತ್ತೆ ಅದರ ಜಿಎಸ್‌ಟಿಗಿಂತ ಜಾಸ್ತಿ ತಗೊಳ್ಳೋ ಹಂಗಿಲ್ಲ. ಇದು ಎಷ್ಟು ಜನಕ್ಕೆ ಗೊತ್ತು ಹೇಳಿ. ನಿಮ್ಮ ಸುದ್ದೀಲೂ ಇರಲಿಲ್ಲ, ಬರೀ ಅಮ್ಮಂದಿರು ಅಳ್ತಿರೋ ಫೋಟೋ ಇತ್ತು.

ಸಂಪಾದಕರೇ, ಇಂಟರ್‌ನೆಟ್ಟಲ್ಲಿ ಬಂದಿದ್ದನ್ನ ನಂಬಬೇಡಿ ಅಂತ ನಾವೆಲ್ಲ ಹೇಳಿ ಹೇಳಿ ಮಕ್ಕಳು ಈಗ ಸ್ವಲ್ಪ ಕಲ್ತಿದಾರೆ. ಆದ್ರೆ ಪೇಪರಲ್ಲಿ ಅಚ್ಚಾಗಿದ್ದು ಸುಳ್ಳಿರಲ್ಲ ಅನ್ನೋದು ನಮ್ಮ ಕಡೆ ಅಜ್ಜನ ಕಾಲದಿಂದ ಬಂದಿರೋ ನಂಬಿಕೆ, ಮೋಸಗಾರರಿಗೆ ಅದು ಚೆನ್ನಾಗಿ ಗೊತ್ತಿದೆ, ಅದಕ್ಕೇ ನಾಲ್ಕು ಸಾಲಿಗೆ ಕೆಲವು ನೂರು ರೂಪಾಯಿ ಕೊಟ್ಟು ಆ ನಂಬಿಕೆನ ನಿಮ್ಮ ಹತ್ರ ಬಾಡಿಗೆಗೆ ತಗೊಳ್ತಾರೆ. ಪುಟದ ತಳದಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ, ಜಾಹೀರಾತಿಗೆ ಪತ್ರಿಕೆ ಹೊಣೆ ಅಲ್ಲ ಅಂತ ಹಾಕಿರ್ತೀರಿ, ನನ್ನ ಹತ್ರ ಭೂತಗನ್ನಡಿ ಇಲ್ಲ. ಕಂಪನಿ ಹೆಸರು ವಿಳಾಸ ಇಲ್ಲದ, ವಾಟ್ಸಾಪ್ ಮಾತ್ರ ಅನ್ನೋ ಕೆಲಸದ ಜಾಹೀರಾತು ತಗೊಳ್ಳಲ್ಲ ಅಂತ ಒಂದು ನಿಯಮ ಮಾಡಿ. ಬಾಡಿಗೆ ಮನೆ ಜಾಹೀರಾತು ಕೊಡೋಕೆ ಹೋದಾಗ ನನ್ನ ಹತ್ರ ಆಧಾರ್ ಕೇಳಿದ್ರು ನಿಮ್ಮ ಏಜೆಂಟರು, ಕೆಲಸ ಕೊಡ್ತೀನಿ ಅನ್ನೋರ ಹತ್ರ ಏನ್ ಕೇಳ್ತಾರೆ?

ಉದ್ಯೋಗ ಪುಟದಲ್ಲೂ ಇಷ್ಟು ಹುದ್ದೆ ಖಾಲಿ, ಕೂಡಲೇ ಅರ್ಜಿ ಸಲ್ಲಿಸಿ ಅಂತ ದಪ್ಪಕ್ಷರ ಹಾಕ್ತೀರಿ, ಅರ್ಧಕ್ಕರ್ಧ ಸಲ ಅಸಲಿ ವೆಬ್‌ಸೈಟ್ ವಿಳಾಸನೇ ಇರಲ್ಲ. ಅದಿಲ್ದೇ ಗೂಗಲ್ ಮಾಡಿದ್ರೆ ಮೊದಲು ಬರೋದೇ ಅದೇ ಥರ ಕಾಣೋ ನಕಲಿ. ವಿಳಾಸ, ಶುಲ್ಕ ಎಷ್ಟು ಅಂತ ಪೈಸೆ ಸಮೇತ, ವಯಸ್ಸು ಯಾವ ತಾರೀಖಿಗೆ ಲೆಕ್ಕ, ಕನ್ನಡದಲ್ಲಿ ಬರೆಯೋಕೆ ಆಗುತ್ತಾ, ಇಷ್ಟು ಹಾಕಿದ್ರೆ ನನ್ನ ಅಂಗಡೀಲಿ ಕತ್ತರಿಸಿ ಗೋಡೆಗೆ ಅಂಟಿಸ್ತೀನಿ. ವಾರಕ್ಕೊಂದು ಕಾಲು ಪುಟ ನಮ್ಮ ನಮ್ಮ ಜಿಲ್ಲೆ ಕಾರ್ಖಾನೆಗಳ ಅಪ್ರೆಂಟಿಸ್ ಸುದ್ದಿಗೆ ಕೊಟ್ರೆ ಇನ್ನೂ ಉಪಕಾರ. ಜಾಗ ಎಲ್ಲಿದೆ ಅನ್ಬೇಡಿ, ದಿನ ಭವಿಷ್ಯಕ್ಕೆ ಕೊಡ್ತಿದೀರಲ್ಲ, ಅದರಲ್ಲಿ ಉದ್ಯೋಗ ಪ್ರಾಪ್ತಿ ಅಂತ ನನ್ನ ರಾಶಿಗೆ ತಿಂಗಳಿಗೆ ನಾಲ್ಕು ಸಲ ಬರುತ್ತೆ.

ಆ ಹುಡುಗಿ ರೆಸ್ಯೂಮಲ್ಲಿ ಅಪ್ಪನ ಮಂಡಿ ಲೆಕ್ಕ ಸೇರಿಸಿದ್ವಿ, ಒಂದೇ ಪುಟ, ಹವ್ಯಾಸ ತೆಗೆದು ಹಾಕಿದ್ವಿ. ಅಕೌಂಟ್ಸ್ ಅಸಿಸ್ಟೆಂಟ್ ಅಂತ ಹುಡುಕಿ ತುಮಕೂರಲ್ಲೇ ಮೂರು ಕಡೆ ಹಾಕಿದಾಳೆ, ಇನ್ನೂ ಉತ್ತರ ಬಂದಿಲ್ಲ. ಫೋಟೋ ಹೊಡ್ಕೊಂಡ ನಂಬರ್‌ನ ಅಳಿಸಮ್ಮ ಅಂದ್ರೆ ಅಳಿಸ್ಲಿಲ್ಲ, ಇರ್ಲಿ ಅಣ್ಣ ನೋಡೋಣ ಅಂದ್ಳು. ಅದಕ್ಕೆ ಆ ರಾತ್ರಿ ನಾನೇ ಆ ನಂಬರ್‌ಗೆ ಮೆಸೇಜ್ ಮಾಡ್ದೆ, ನಾನೊಬ್ಬ ಬಿಕಾಂ ವಿದ್ಯಾರ್ಥಿ ಅಂತ. ಎರಡು ನಿಮಿಷಕ್ಕೆ ಉತ್ತರ ಬಂತು, ಕಂಗ್ರಾಟ್ಸ್ ನೀವು ಸೆಲೆಕ್ಟ್ ಆಗಿದೀರಿ ಅಂತ, ಹಿಂದೆನೇ ಒಂದು ಕ್ಯೂಆರ್ ಕೋಡು, ರಿಜಿಸ್ಟ್ರೇಷನ್ 650 ರೂಪಾಯಿ. ಸ್ಕ್ರೀನ್‌ಶಾಟ್ ಕಲರ್ ಪ್ರಿಂಟ್ ತೆಗೆದು ಈ ಕಾಗದದ ಜೊತೆ ಲಗತ್ತಿಸಿದೀನಿ, ಮೂರು ಹಾಳೆ ಇದೆ. ಒಂದು ನಿಮಗೆ, ಒಂದು ನಿಮ್ಮ ಜಾಹೀರಾತು ವಿಭಾಗಕ್ಕೆ, ಇನ್ನೊಂದನ್ನ ಅದೇ ಕ್ಲಾಸಿಫೈಡ್ ಪುಟದಲ್ಲಿ ಅದೇ ಜಾಗದಲ್ಲಿ ಹಾಕ್ತೀರೇನೋ ಅಂತ.

ಇಂತಿ ನಿಮ್ಮ ಓದುಗ,
ಜೆರಾಕ್ಸ್ ಅಂಗಡಿಯವನು, ತಿಪಟೂರು